ಮೇಲೆ ಥಳುಕು, ಒಳಗೆ ಪುಟ್ಟಿ

ಕ್ಯಾರವಾನ್‌ನ ಫೈಬರ್ ಮೈಗೆ ಪೆಟ್ಟು ಬಿದ್ದು ಗ್ಯಾರೇಜಿಗೆ ಒಯ್ದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಒಂದು, "ಫೈಬರ್ ರಿಪೇರಿ ಆಗೋದಿಲ್ಲ ಸಾರ್, ಪ್ಯಾನೆಲ್ ಬದಲಿಸಿಬಿಡಿ." ಇನ್ನೊಂದು, "ಪುಟ್ಟಿ ಹಾಕಿ ಪೇಂಟ್ ಹೊಡೀತೀವಿ, ನಾಳೆ ಸಂಜೆ ಬನ್ನಿ." ಮೊದಲನೆಯದು ಸುಳ್ಳು, ಎರಡನೆಯದು ಮೋಸ. ಮೂರನೆಯ ಉತ್ತರವೊಂದಿದೆ: ಮುರಿದ ಜಾಗವನ್ನು ಉಜ್ಜಿ ತೆಗೆದು, ಹೊಸ ಎಳೆ ಕೂರಿಸಿ, ಮೊದಲಿನಷ್ಟೇ ಗಟ್ಟಿ ಮಾಡುವುದು. ಅದು ಬಲ್ಲವರು ನಮ್ಮ ದೇಶದಲ್ಲೇ ಇದ್ದಾರೆ. ನಾವು ಕೇಳುತ್ತಿಲ್ಲ, ಕೇಳಿದರೂ ಅದಕ್ಕೆ ತಕ್ಕ ಕೂಲಿ ಕೊಡಲು ಒಪ್ಪುತ್ತಿಲ್ಲ. ನನ್ನ ತಕರಾರು ಇಷ್ಟೇ.

2021ರಲ್ಲಿ ಮಹಾರಾಷ್ಟ್ರ ಮತ್ತು ಕೇರಳ ಎರಡೂ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ತಂದವು. ಅಲ್ಲಿಂದೀಚೆಗೆ ಎಲ್ಲಿ ನಿಲ್ಲಿಸಬೇಕು, ಒಳಗೆ ಎಷ್ಟು ಹಾಸಿಗೆ, ಶೌಚಾಲಯ ಹೇಗೆ ಎಂದು ಮಾತಾಡಿದ್ದೇ ಮಾತಾಡಿದ್ದು. ಟೆಂಪೋ ಟ್ರಾವೆಲರಿನ ಮೇಲೋ ಬಸ್ ಚಾಸಿಯ ಮೇಲೋ ಕಟ್ಟಿದ ಈ ಗಾಡಿಗಳಲ್ಲಿ ಎತ್ತರಿಸಿದ ಚಾವಣಿ, ಬಂಪರ್, ಮೂಲೆಗಳು, ಕೆಲವದರಲ್ಲಿ ಇಡೀ ಗೋಡೆಯೇ ಫೈಬರ್. ಮರದ ಕೊಂಬೆ ತಾಗುತ್ತದೆ, ರಿವರ್ಸ್ ತೆಗೆಯುವಾಗ ಕಂಬಕ್ಕೆ ಬಡಿಯುತ್ತದೆ. ಆಮೇಲೇನು ಎಂಬ ಪ್ರಶ್ನೆಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ಮೊದಲು ವಸ್ತು ಏನೆಂದು ನೋಡೋಣ. ಫೈಬರ್ ಎಂದು ನಾವು ಕರೆಯುವುದು ಎರಡು ಪದಾರ್ಥಗಳ ಜೋಡಿ: ಗಾಜಿನ ಎಳೆ ಮತ್ತು ಅದನ್ನು ಹಿಡಿದಿಡುವ ರೆಸಿನ್. ಆರ್‌ಸಿಸಿ ಸ್ಲ್ಯಾಬಿನಲ್ಲಿ ಕಬ್ಬಿಣದ ಸರಳು ಮಾಡುವ ಕೆಲಸವನ್ನು ಇಲ್ಲಿ ಗಾಜಿನ ಎಳೆ ಮಾಡುತ್ತದೆ. ಮೇಲಿನ ಹೊಳಪು ಜೆಲ್‌ಕೋಟ್‌ನದು. ಅದು ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಬಣ್ಣದ ಪದರ, ಅದರಲ್ಲಿ ಎಳೆ ಇಲ್ಲ. ಜೆಲ್‌ಕೋಟ್ ಮಾತ್ರ ಜೇಡರ ಬಲೆಯಂತೆ ಸೀಳಿದ್ದರೆ ಸಣ್ಣ ಕೆಲಸ, ಸೀಳನ್ನು ಕೆರೆದು ಮತ್ತೆ ಜೆಲ್‌ಕೋಟ್ ತುಂಬಿದರೆ ಮುಗಿಯಿತು. ಆದರೆ ಬಿರುಕು ಒಳಗೆ ಇಳಿದಿದ್ದರೆ ಎಳೆಗಳೇ ತುಂಡಾಗಿವೆ ಎಂದರ್ಥ. ಪುಟ್ಟಿ ಎಂದರೆ ರೆಸಿನ್ನಿಗೆ ಟಾಲ್ಕ್‌ನಂಥ ಪುಡಿ ಕಲಸಿದ ಹಿಟ್ಟು. ಅದರಲ್ಲಿ ಒಂದು ಎಳೆಯೂ ಇಲ್ಲ. ಸರಳು ಕತ್ತರಿಸಿಹೋದ ಸ್ಲ್ಯಾಬಿಗೆ ಗಿಲಾಯಿ ಮಾಡಿ "ಸರಿ ಹೋಯ್ತು" ಎನ್ನುವ ಮೇಸ್ತ್ರಿಯನ್ನು ನೀವು ಮನೆಯೊಳಗೆ ಬಿಡುತ್ತೀರಾ? ಗಾಡಿಗೆ ಅದನ್ನೇ ಮಾಡಿದವನಿಗೆ ಹಣ ಎಣಿಸಿ, ಥ್ಯಾಂಕ್ಸ್ ಹೇಳಿ ಬರುತ್ತೇವೆ.

ಗಾಡಿ ಓಡುವಾಗ ಮೈ ಸದಾ ಅದುರುತ್ತದೆ, ತಿರುಚಿಕೊಳ್ಳುತ್ತದೆ. ಪುಟ್ಟಿಗೆ ಬಾಗುವ ಗುಣವಿಲ್ಲ. ಕೆಲವು ತಿಂಗಳಲ್ಲಿ ಅದೇ ಗೆರೆಯಲ್ಲಿ ಬಿರುಕು ಮತ್ತೆ ಏಳುತ್ತದೆ. ಅಷ್ಟರಲ್ಲಿ ಅದು ನೀರನ್ನೂ ಹೀರಿರುತ್ತದೆ.

ಸರಿಯಾದ ಕೆಲಸ ಹೇಗಿರುತ್ತದೆ? 3 ಮಿಲಿಮೀಟರ್ ದಪ್ಪದ ಮೈಯಲ್ಲಿ ಅಂಗೈಯಗಲದ, ಅಂದರೆ 10 ಸೆಂಟಿಮೀಟರಿನ ತೂತಾಗಿದೆ ಎಂದುಕೊಳ್ಳಿ. ಮೊದಲು ಅಸಿಟೋನ್‌ನಲ್ಲಿ ಒರೆಸಿ ಮೇಣ ಮತ್ತು ಪಾಲಿಶ್ ತೆಗೆಯಬೇಕು. ಒರೆಸದೆ ಉಜ್ಜಿದರೆ ಮೇಣ ಒಳಕ್ಕೇ ಸೇರುತ್ತದೆ. ಆಮೇಲೆ ಸಡಿಲವಾದ ಎಳೆಗಳನ್ನೆಲ್ಲ ಕತ್ತರಿಸಿ, ತೂತಿನ ಸುತ್ತ ಗ್ರೈಂಡರಿನಿಂದ ಇಳಿಜಾರು ಮಾಡಬೇಕು. ಭಾರ ಹೊರುವ ಭಾಗಕ್ಕೆ ಬಲ್ಲವರು ಹೇಳುವ ಲೆಕ್ಕ ಒಂದಕ್ಕೆ ಹನ್ನೆರಡು: 3 ಮಿಲಿಮೀಟರ್ ದಪ್ಪಕ್ಕೆ ಎಲ್ಲ ಕಡೆ 36 ಮಿಲಿಮೀಟರ್ ಇಳಿಜಾರು. 10 ಸೆಂಟಿಮೀಟರಿನ ತೂತಿಗೆ 17 ಸೆಂಟಿಮೀಟರಿಗೂ ಮಿಕ್ಕಿ ಕೆಲಸ. ಚೆನ್ನಾಗಿರುವ ಜಾಗವನ್ನೂ ಉಜ್ಜುತ್ತಿದ್ದಾನಲ್ಲ ಎಂದು ಗಿರಾಕಿ ಗಾಬರಿಯಾಗುವುದು ಇಲ್ಲಿಯೇ. ಗಾಬರಿ ಬೇಡ. ಹಳೆಯ ರೆಸಿನ್ ಎಂದೋ ಗಟ್ಟಿಯಾಗಿದೆ, ಹೊಸದು ಅದರೊಂದಿಗೆ ಕರಗಿ ಒಂದಾಗುವುದಿಲ್ಲ, ಕಚ್ಚಿ ಹಿಡಿಯುತ್ತದೆ ಅಷ್ಟೆ. ಕಚ್ಚಲು ಒರಟಾದ, ಅಗಲವಾದ ಜಾಗ ಬೇಕು. ಈ ಇಳಿಜಾರೇ ರಿಪೇರಿಯ ಜೀವ.

ಆಮೇಲೆ ಮ್ಯಾಟ್. 450 ಗ್ರಾಮಿನ ಮ್ಯಾಟ್ ಒಂದು ಪದರ ಕೂತರೆ ಸುಮಾರು ಒಂದು ಮಿಲಿಮೀಟರ್ ಆಗುತ್ತದೆ. ಅಂದರೆ ಮೂರು ಪದರವಾದರೂ ಬೇಕು, ಪ್ರತಿ ಪದರದಲ್ಲೂ ರೋಲರ್ ಹೊಡೆದು ಗಾಳಿಗುಳ್ಳೆ ತೆಗೆಯಬೇಕು. ರೆಸಿನ್ನಿಗೆ ಹಾರ್ಡ್‌ನರ್ ಬೆರೆಸುವುದು ನೂರಕ್ಕೆ ಒಂದೆರಡು ಪಾಲು ಮಾತ್ರ. ಚೆನ್ನೈಯ ಮೇ ತಿಂಗಳಲ್ಲಿ ಕೈ ಸ್ವಲ್ಪ ಜಾರಿದರೆ ಡಬ್ಬದಲ್ಲೇ ಗಟ್ಟಿಯಾಗುತ್ತದೆ, ದೆಹಲಿಯ ಜನವರಿಯಲ್ಲಿ ಇಡೀ ದಿನ ಕಾದರೂ ಅಂಟಂಟಾಗಿಯೇ ಉಳಿಯಬಹುದು. ಮುಂಬೈ ಮಳೆಗಾಲದಲ್ಲಿ ಮೈ ಒಣಗಿಸದೆ ಹಚ್ಚಿದರೆ ಹಿಡಿಯುವುದೇ ಇಲ್ಲ. ಕೊನೆಗೆ ಸಮತಟ್ಟು ಮಾಡಲು ತೆಳ್ಳಗೆ ಪುಟ್ಟಿ, ಅದರ ಮೇಲೆ ಬಣ್ಣ. ಪುಟ್ಟಿಗೆ ಇಲ್ಲಿ ನ್ಯಾಯವಾದ ಸ್ಥಾನವಿದೆ. ಊಟಕ್ಕೆ ಉಪ್ಪಿನಕಾಯಿ ಇದ್ದಂತೆ ಅದು. ಅದನ್ನೇ ಊಟವೆಂದು ಬಡಿಸುವುದಕ್ಕೆ ನನ್ನ ವಿರೋಧ.

ಗೋಡೆಯ ವಿಷಯ ಇನ್ನೂ ಕಷ್ಟ. ಹಲವು ಕ್ಯಾರವಾನ್‌ಗಳ ಗೋಡೆ ಸ್ಯಾಂಡ್‌ವಿಚ್‌ನಂತಿರುತ್ತದೆ: ಹೊರಗೆ ತೆಳು ಫೈಬರ್, ನಡುವೆ ಪ್ಲೈವುಡ್ ಅಥವಾ ಫೋಮ್. ಕಿಟಕಿಯ ಅಂಚಿನಲ್ಲೋ ಚಾವಣಿಯ ಸಂದಿನಲ್ಲೋ ನೀರು ಇಳಿದರೆ ಪ್ಲೈ ಕೊಳೆತು, ಹೊರಗಿನ ಹಾಳೆ ಬಿಟ್ಟುಕೊಂಡು ಉಬ್ಬುತ್ತದೆ. ನಾಣ್ಯದಿಂದ ತಟ್ಟಿ ನೋಡಿ, ಗಟ್ಟಿ ಜಾಗದ ಸದ್ದೇ ಬೇರೆ, ಟೊಳ್ಳು ಜಾಗದ ಸದ್ದೇ ಬೇರೆ. ಇಂಥ ಗೋಡೆಗೆ ಹೊರಗಿನಿಂದ ಪುಟ್ಟಿ ಮೆತ್ತುವುದೆಂದರೆ ಕೀವು ತುಂಬಿದ ಗಾಯಕ್ಕೆ ಪೌಡರ್ ಹಚ್ಚಿದಂತೆ. ಮೊದಲು ನೀರು ಬರುವ ದಾರಿ ಮುಚ್ಚಬೇಕು, ಒಣಗಿಸಬೇಕು, ಕೊಳೆತದ್ದನ್ನು ತೆಗೆಯಬೇಕು. ಸಂದಿಗೆ ಕಂಡಕಂಡಲ್ಲಿ ಸಿಲಿಕೋನ್ ಬಳಿಯುವ ಚಾಳಿಯೂ ಬಿಡಬೇಕು. ಸಿಲಿಕೋನ್ ಬಿದ್ದ ಜಾಗಕ್ಕೆ ಆಮೇಲೆ ಬಣ್ಣವೂ ಹಿಡಿಯದು, ರೆಸಿನ್ನೂ ಹಿಡಿಯದು.

ಇಷ್ಟೆಲ್ಲ ಮಾಡಿದರೂ ಬಾಳಿಕೆ ಬರುತ್ತದೆಯೇ ಎಂಬುದಕ್ಕೆ ಉತ್ತರ ಕೆನಡಾದಲ್ಲಿದೆ. 1968ರಲ್ಲಿ ವಿನಿಪೆಗ್‌ನಲ್ಲಿ ಬೋಲರ್ ಎಂಬ ಪುಟ್ಟ ಟ್ರೈಲರ್ ಹೊರಬಂತು. ಅಚ್ಚಿನಲ್ಲಿ ಎರೆದ ಫೈಬರಿನ ಎರಡು ಚಿಪ್ಪು, ಮೇಲಿನದೊಂದು ಕೆಳಗಿನದೊಂದು, ನಡುವೆ ಜೋಡಣೆ. ಅದರ ತಯಾರಿಕೆ ನಿಂತು ದಶಕಗಳಾಗಿವೆ, ಬಿಡಿಭಾಗ ಕೊಡುವ ಕಾರ್ಖಾನೆಯಿಲ್ಲ. ಆದರೂ ಐವತ್ತು ವರ್ಷ ದಾಟಿದ ಬೋಲರ್‌ಗಳು ಇವತ್ತೂ ರಸ್ತೆಯಲ್ಲಿವೆ. ಬದಲಿಸಲು ಪ್ಯಾನೆಲ್ ಸಿಗುವುದಿಲ್ಲವಾದ್ದರಿಂದ ಯಜಮಾನರು ರಿಪೇರಿ ಮಾಡಿಕೊಂಡರು, ಅಷ್ಟೇ ಗುಟ್ಟು.

ಅಷ್ಟು ದೂರ ಹೋಗಲು ಇಷ್ಟವಿಲ್ಲದಿದ್ದರೆ ಮಲ್ಪೆಗೋ ಮಂಗಳೂರಿಗೋ ಹೋಗಿ. ಅಲ್ಲಿ ಫೈಬರ್ ದೋಣಿ ಒಡೆದರೆ ಎಸೆಯುವುದಿಲ್ಲ, ದಡಕ್ಕೆಳೆದು ಉಜ್ಜಿ ಮ್ಯಾಟ್ ಕೂರಿಸುತ್ತಾರೆ. ಪುಟ್ಟಿ ನಂಬಿ ಕಡಲಿಗಿಳಿದರೆ ಏನಾಗುತ್ತದೆಂದು ಅಲ್ಲಿ ಎಲ್ಲರಿಗೂ ಗೊತ್ತು. ಬೆಂಗಳೂರಿನ ಸಿಪಾನಿ 1980ರ ದಶಕದಲ್ಲಿ ಮಾಡಿದ ಡಾಲ್ಫಿನ್ ಕಾರಿನ ಮೈಯೂ ಫೈಬರಿನದೇ. ವಿದ್ಯೆ ನಮಗೆ ಹೊಸದೇನಲ್ಲ. ಹೆದ್ದಾರಿಯ ಗ್ಯಾರೇಜು ಅದನ್ನು ಕಲಿಯದಿರುವುದಕ್ಕೆ ಕಾರಣ ದುಡ್ಡಿನ ಲೆಕ್ಕ.

ಪ್ಯಾನೆಲ್ ಬದಲಿಸಿದರೆ ಬಿಡಿಭಾಗದ ಮೇಲೆ ಲಾಭ, ಒಂದೇ ದಿನದ ಕೆಲಸ. ರಿಪೇರಿಯೆಂದರೆ ಒಬ್ಬ ನುರಿತ ಕೈ ಮೂರು ದಿನ ಕೂರಬೇಕು. ಗಿರಾಕಿಯೋ, "ಒಂದು ತೂತಿಗೆ ಇಷ್ಟೊಂದಾ?" ಎಂದು ಚೌಕಾಸಿಗೆ ಇಳಿಯುತ್ತಾನೆ. ವಿಮೆ ಇದೆಯಲ್ಲ, ಬದಲಿಸಿಯೇ ಬಿಡೋಣ ಎನ್ನುವವರು ಪಾಲಿಸಿ ಓದಲಿ. ನಮ್ಮ ಸಾಮಾನ್ಯ ಮೋಟಾರು ಪಾಲಿಸಿಯಲ್ಲಿ ಬದಲಿಸಿದ ಭಾಗದ ಬೆಲೆಯಿಂದ ಸವಕಳಿ ಕಳೆಯುತ್ತಾರೆ: ಪ್ಲಾಸ್ಟಿಕ್, ರಬ್ಬರಿಗೆ 50%, ಫೈಬರ್‌ಗ್ಲಾಸಿಗೆ 30%. ಝೀರೋ ಡೆಪ್ ಇಲ್ಲದಿದ್ದರೆ ಅದು ನಿಮ್ಮ ಜೇಬಿನದು. ಕೂಲಿಗೆ ಈ ಕಡಿತವಿಲ್ಲ. ಎಸ್ಟಿಮೇಟಿನಲ್ಲಿ ನಿಮ್ಮ ಫೈಬರ್ ಭಾಗವನ್ನು ಪ್ಲಾಸ್ಟಿಕ್ ಎಂದು ಬರೆದಿದ್ದರೆ 30 ಹೋಗಿ 50 ಆಗುತ್ತದೆ. ಹಿಂಬದಿ ತಿರುಗಿಸಿ ಗಾಜಿನ ಎಳೆ ತೋರಿಸಿ, ಸರ್ವೇಯರ್ ಜೊತೆ ಜಗಳವಾಡಿ.

ಎಲ್ಲವನ್ನೂ ರಿಪೇರಿ ಮಾಡಲೇಬೇಕೆಂದು ನಾನು ಹೇಳುವುದಿಲ್ಲ. ಗೋಡೆಯ ಒಳಗಿನ ಪ್ಲೈ ಪೂರ್ತಿ ಕೊಳೆತಿದ್ದರೆ, ಚಾಸಿಗೆ ಕಚ್ಚುವ ಜಾಗವೇ ಪುಡಿಯಾಗಿದ್ದರೆ ಬದಲಿಸುವುದೇ ಸರಿ. ಆದರೆ ಆ ತೀರ್ಮಾನ ತಟ್ಟಿ, ಉಜ್ಜಿ, ಹಿಂಬದಿ ನೋಡಿದ ಮೇಲೆ ಬರಬೇಕು. ಗಾಡಿ ಗೇಟು ದಾಟುವ ಮೊದಲೇ ಬರಬಾರದು.

ಕ್ಯಾರವಾನ್ ಸಿರಿವಂತರ ಆಟಿಕೆ, ಅದರ ಗೋಳು ನಮಗೇಕೆ ಎನ್ನುವವರಿಗೆ ಒಂದು ಮಾತು. ಈ ಕೆಲಸ ಮಾಡುವವನು ಸಿರಿವಂತನಲ್ಲ. ಉಜ್ಜುವಾಗ ಏಳುವ ಗಾಜಿನ ದೂಳು ಅವನ ಚರ್ಮಕ್ಕೆ, ಶ್ವಾಸಕ್ಕೆ ಹೋಗುತ್ತದೆ. ರೆಸಿನ್ನಿನ ಆ ಘಾಟು ವಾಸನೆ ಸ್ಟೈರೀನಿನದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2018ರಲ್ಲಿ ಅದನ್ನು ಮನುಷ್ಯರಿಗೆ ಬಹುಶಃ ಕ್ಯಾನ್ಸರ್ ತರುವ ಪದಾರ್ಥಗಳ ಗುಂಪಿಗೆ ಸೇರಿಸಿತು. ಹಾರ್ಡ್‌ನರ್ ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು. ಅದನ್ನು ಆಕ್ಸಲರೇಟರ್ ಜೊತೆ ನೇರವಾಗಿ ಬೆರೆಸಿದರೆ ಸ್ಫೋಟವಾಗುತ್ತದೆ. ಇಷ್ಟರ ನಡುವೆ ಆತ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ನಿಂತಿರುತ್ತಾನೆ. ಬಟ್ಟೆ ದೂಳನ್ನೇ ಸರಿಯಾಗಿ ತಡೆಯದು, ಆವಿಯನ್ನಂತೂ ತಡೆಯುವುದೇ ಇಲ್ಲ. ಅದಕ್ಕೆ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ನಾವು ಚೌಕಾಸಿ ಮಾಡಿ ಉಳಿಸಿದ ದುಡ್ಡಿನಲ್ಲಿ ಮೊದಲು ಹೋಗುವುದು ಆ ಮಾಸ್ಕ್, ಎರಡನೆಯದು ಮ್ಯಾಟ್‌ನ ಮೂರನೆಯ ಪದರ.

ಎಸೆದ ಪ್ಯಾನೆಲ್ ಎಲ್ಲಿ ಹೋಗುತ್ತದೆಂಬುದನ್ನೂ ಯೋಚಿಸಿ. ಕಬ್ಬಿಣವನ್ನು ಗುಜರಿಯವನು ಕೊಳ್ಳುತ್ತಾನೆ, ಕರಗಿಸುತ್ತಾರೆ. ಗಟ್ಟಿಯಾದ ಈ ರೆಸಿನ್ ಕಾಯಿಸಿದರೆ ಕರಗುವ ಜಾತಿಯದಲ್ಲ. ಗುಜರಿಯಲ್ಲೂ ಬೆಲೆಯಿಲ್ಲದೆ ಊರಾಚೆಯ ಕಸದ ಗುಡ್ಡೆ ಸೇರುತ್ತದೆ, ಇಲ್ಲವೇ ಯಾರೋ ಬೆಂಕಿ ಹಚ್ಚುತ್ತಾರೆ.

ಮುಂದಿನ ಸಲ ಗ್ಯಾರೇಜಿನಲ್ಲಿ ಮೂರು ಮಾತು ಕೇಳಿ. ಎಷ್ಟು ಅಗಲ ಉಜ್ಜುತ್ತೀರಿ? ಎಷ್ಟು ಪದರ ಮ್ಯಾಟ್ ಹಾಕುತ್ತೀರಿ? ಬಣ್ಣ ಹೊಡೆಯುವ ಮೊದಲು ಫೋಟೋ ಕಳಿಸುತ್ತೀರಾ? ಉತ್ತರ ಬರದಿದ್ದರೆ ಗಾಡಿ ತಿರುಗಿಸಿ. ಉತ್ತರ ಬಂದರೆ, ಕೇಳಿದಷ್ಟು ಕೂಲಿ ಕೊಡಿ.