ಕಸದ ಪಾಠ ಯಾರು ಹೇಳಬೇಕು?

ಬೆಂಗಳೂರಿನ ಕಾಡುಗೋಡಿಯಿಂದ ವಿನಿಮಯ ವಿದ್ಯಾರ್ಥಿನಿಯಾಗಿ ಕ್ಯೋಟೊಗೆ ಹೋದಾಗ ನನ್ನಲ್ಲಿದ್ದದ್ದು ಎನ್5 ಎಂಬ ಆರಂಭಿಕ ಮಟ್ಟದ ತೊದಲು ಜಪಾನಿ. ಅಲ್ಲಿ ಮನೆ ಹಿಡಿದ 14 ದಿನದೊಳಗೆ ವಾರ್ಡ್ ಕಚೇರಿಯಲ್ಲಿ ವಿಳಾಸ ಬರೆಸಬೇಕು. ಆರೋಗ್ಯ ವಿಮೆಯೂ ಅಲ್ಲೇ. ಆಮೇಲೆ ಕಸದ ಪಾಠ. ಸುಡುವ ಕಸಕ್ಕೆ ಹಳದಿ ಚೀಲ, ಬಾಟಲಿ-ಡಬ್ಬಿಗಳಿಗೆ ಪಾರದರ್ಶಕ ಚೀಲ. 2006ರಿಂದ ಆ ಚೀಲಗಳನ್ನು ದುಡ್ಡು ಕೊಟ್ಟೇ ಕೊಳ್ಳಬೇಕು. ಯಾವ ವಾರ ಯಾವ ಕಸ ಎಂಬುದನ್ನು ಇಂಗ್ಲಿಷಿನಲ್ಲೂ ಅಚ್ಚು ಹಾಕಿರುತ್ತಾರೆ.

ಜಪಾನಿಗಳಿಗೆ ಶಿಸ್ತು ರಕ್ತದಲ್ಲೇ ಇದೆ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ನನ್ನ ರಕ್ತ ಕಾಡುಗೋಡಿಯದು, ಆದರೂ ಕಲಿತೆ, ಕಲಿಸುವವರಿದ್ದರು. ನಮ್ಮಲ್ಲಿ ಆದೇಶಕ್ಕೇನೂ ಬರವಿಲ್ಲ. ಕಸ ಬೇರ್ಪಡಿಸಲು ಮನೆಗೆ ಎರಡು ಡಬ್ಬಿ, ಒಂದು ಚೀಲ ಎಂದು ಹೈಕೋರ್ಟ್ 2015ರಲ್ಲೇ ಹೇಳಿತ್ತು. ಒಡಿಶಾದಿಂದಲೋ ರಾಯಚೂರಿನಿಂದಲೋ ವೈಟ್‌ಫೀಲ್ಡಿನ ಪಿಜಿಗೆ ಬಂದಿಳಿಯುವ ಹುಡುಗರಿಗೆ ಅದನ್ನು ಹೇಳುವವರು ಯಾರು? ಮಾಲೀಕರು ಅಡ್ವಾನ್ಸ್ ಎಣಿಸಿಕೊಂಡು ವೈಫೈ ಪಾಸ್‌ವರ್ಡ್ ಕೊಡುತ್ತಾರೆ, ಅಲ್ಲಿಗೆ ಸ್ವಾಗತ ಮುಗಿಯಿತು. ಆಮೇಲೆ ಹೊರಗಿನವರು ಊರು ಕೆಡಿಸಿದರೆಂಬ ಗೊಣಗಾಟ ಬೇರೆ!

ಪಿಜಿ ಪರವಾನಗಿಗೆ ಒಂದು ಷರತ್ತು ಸೇರಿಸಲಿ: ಕಸದ ವೇಳಾಪಟ್ಟಿ ಗೋಡೆಯ ಮೇಲೆ ಮೊದಲು ಕನ್ನಡದಲ್ಲಿ, ಕೆಳಗೆ ಬಾಡಿಗೆದಾರರ ಭಾಷೆಗಳಲ್ಲಿ ಇರಬೇಕು. ಅದಿಲ್ಲದ ಕಟ್ಟಡದಲ್ಲಿ ದಂಡ ಕಟ್ಟಬೇಕಾದವರು ಮಾಲೀಕರು, ಹುಡುಗರಲ್ಲ.