ಜೀವದಯೆಯ ಹಣ ಕರಡಿಯ ಕಾಡಿಗೋ, ವೀರ್ಯಭಂಡಾರಕ್ಕೋ?



ಕಳೆದ ದಶಲಕ್ಷಣ ಪರ್ವ ಮುಗಿದ ಬಳಿಕ ನಮ್ಮ ಬಸದಿಯ ವಿಶ್ವಸ್ತರ ಸಭೆಯಲ್ಲಿ ಜೀವದಯಾ ನಿಧಿಯ ವಿನಿಯೋಗದ ಪ್ರಶ್ನೆ ಬಂದಿತು. ಪಶುವೈದ್ಯ ಶಿಕ್ಷಣ ಪಡೆದ ಯುವಕನೊಬ್ಬನು, ಕರಡಿಗಳ ವೀರ್ಯ ಸಂಗ್ರಹಿಸಿ ಕೃತಕ ಗರ್ಭಧಾರಣೆಯಿಂದ ಸಂತತಿ ಬೆಳೆಸುವ ಕಾರ್ಯಕ್ಕೆ ಆ ಹಣ ಹೋಗಲಿ ಎಂದನು. ಹಲವರು ತಲೆದೂಗಿದರು, ನಾನು ಒಪ್ಪಲಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಇತರ ಬಸದಿಗಳಲ್ಲಿಯೂ ಇಂಥ ಪ್ರಸ್ತಾಪ ಬರಬಹುದಾದ್ದರಿಂದ ನನ್ನ ಕಾರಣಗಳನ್ನು ಇಲ್ಲಿ ನಿವೇದಿಸುತ್ತೇನೆ.

ಆಕಳಿಗೆ ಕೃತಕ ಗರ್ಭಧಾರಣೆ ಮಾಡಿಸುವುದು ನಮ್ಮ ಹಳ್ಳಿಗಳಲ್ಲಿ ನಿತ್ಯದ ಸಂಗತಿ. ಆದರೆ ಕರಡಿಯು ಕೊಟ್ಟಿಗೆಯ ಹೋರಿಯಲ್ಲ. ಅದನ್ನು ಉಪವಾಸ ಕೆಡವಿ, ಅರಿವಳಿಕೆ ಕೊಟ್ಟು ಮಲಗಿಸಿ, ಗುದದ್ವಾರದಲ್ಲಿ ಸಲಾಕೆಯನ್ನಿರಿಸಿ, ಮಂದವಾದ ವಿದ್ಯುತ್ ಹಾಯಿಸಿ ವೀರ್ಯವನ್ನು ಪಡೆಯುತ್ತಾರೆ. ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿ ಶೀತದಲ್ಲಿ ಕಾಪಿಡುತ್ತಾರೆ. ಮುಂದೆ ಹೆಣ್ಣು ಕರಡಿಗೂ ಅರಿವಳಿಕೆಯೇ ಗತಿ.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಕಟ್ಟಿಹಾಕುವುದೂ ಅನ್ನನೀರು ತಡೆಯುವುದೂ ಸೇರಿವೆ. ವೈದ್ಯನು ಚಿಕಿತ್ಸೆಗಾಗಿ ಇವನ್ನೇ ಮಾಡಿದರೆ ದೋಷವಿಲ್ಲ. ಅದರಿಂದ ಆ ಜೀವಕ್ಕೇ ಹಿತವಿದೆ. ಇಲ್ಲಿ ಆ ಕರಡಿಗೆ ಯಾವ ಹಿತ? ಅದರ ಪ್ರಭೇದಕ್ಕೆ ಹಿತವೆನ್ನುತ್ತಾರೆ. ಆದರೆ ನೋವುಣ್ಣುವುದು ಜೀವವೇ ಹೊರತು, ಪಟ್ಟಿಯಲ್ಲಿ ಬರೆದ ಪ್ರಭೇದವಲ್ಲ. ಕೃತ, ಕಾರಿತ, ಅನುಮೋದನ ಎಂಬ ಮೂರು ಬಗೆಗಳಲ್ಲಿ ಪಾಪ ಅಂಟುತ್ತದೆಂದು ಬಲ್ಲ ನಾವು, ಹಣ ಕೊಟ್ಟ ಮೇಲೆ ನಮಗೆ ಸಂಬಂಧವಿಲ್ಲವೆನ್ನಲಾಗದು.

ನನ್ನ ಬಾಲ್ಯದಲ್ಲಿ ಪೇಟೆಗೆ ಕರಡಿ ಆಡಿಸುವವರು ಬರುತ್ತಿದ್ದರು. ನನ್ನ ತಾಯಿಯವರು ಐದು ಪೈಸೆ ಕೊಟ್ಟು, ಅದರ ಕೂದಲನ್ನು ತಾಯಿತದಲ್ಲಿಡಿಸಿ, ಅಂಜಿಕೆ ಹೋಗಲೆಂದು ನನ್ನ ಕೊರಳಿಗೆ ಕಟ್ಟಿದ್ದರು. ಸೂರ್ಯಾಸ್ತದ ಬಳಿಕ ನೀರನ್ನೂ ಮುಟ್ಟದ ಶ್ರಾವಿಕೆ ಆಕೆ! ಆ ಪ್ರಾಣಿಯ ಮೂಗು ಚುಚ್ಚಿ ಹಗ್ಗ ಪೋಣಿಸಿದ್ದನ್ನು ನಾವಾರೂ ಹಿಂಸೆಯೆಂದು ಬಗೆಯಲಿಲ್ಲ. ಅಂಥ ಕರಡಿಗಳಿಗಾಗಿ 2005ರಲ್ಲಿ ಬನ್ನೇರುಘಟ್ಟದಲ್ಲಿ ರಕ್ಷಣಾ ಕೇಂದ್ರ ತೆರೆಯಿತು. 2009ರಲ್ಲಿ ಕೊನೆಯ ಕುಣಿಯುವ ಕರಡಿಯನ್ನು ಅಲ್ಲಿಗೇ ಒಪ್ಪಿಸಲಾಯಿತು. ಆಡಿಸುವವರು ಎಷ್ಟೋ ಕರಡಿಗಳ ಹಲ್ಲು ಕಿತ್ತಿದ್ದರು, ಗಂಡುಗಳ ವೃಷಣ ತೆಗೆದಿದ್ದರು. ಅಂದು ವೃಷಣ ಕಿತ್ತ ಮನುಷ್ಯನೇ ಇಂದು ವೀರ್ಯ ಬೇಡುತ್ತಿದ್ದಾನೆ.

ನಮ್ಮ ನಾಡಿನ ಕರಡಿಗೆ ಸಂತಾನಶಕ್ತಿಯ ಕೊರತೆಯಿಲ್ಲ. ತಾಯಿಯು ಒಂದೆರಡು ಮರಿಗಳನ್ನು ಹೆತ್ತು, ಬೆನ್ನ ಮೇಲೆ ಹೊತ್ತು, ಎರಡು ವರ್ಷಕ್ಕೂ ಮಿಕ್ಕಿ ಸಲಹುತ್ತದೆ. ಅದಕ್ಕೆ ಬೇಕಾದುದು ಗವಿಯಿರುವ ಗುಡ್ಡ, ಗೆದ್ದಲು, ಇರುವೆ, ಜೇನು, ನೇರಳೆ, ಬಾರೆಹಣ್ಣು. ಹೊಸಪೇಟೆಯ ಬಳಿಯ ದರೋಜಿಯಲ್ಲಿ 1994ರಲ್ಲಿ ಸರ್ಕಾರವು ಕರಡಿಧಾಮವನ್ನು ಘೋಷಿಸಿ ಕೊಟ್ಟದ್ದು ಇದನ್ನೇ.

ಚೀನದ ಪಾಂಡಾವನ್ನು ನೋಡಿರೆಂದು ಆ ಯುವಕನು ಹೇಳಿದನು. ನೋಡೋಣ. ಹೆಣ್ಣು ಪಾಂಡಾ ಬೆದೆಯಲ್ಲಿ ಗರ್ಭ ಧರಿಸಬಲ್ಲ ಕಾಲ ವರ್ಷದಲ್ಲಿ ಒಂದರಿಂದ ಮೂರು ದಿನ ಮಾತ್ರ. ಕೃತಕ ಗರ್ಭಧಾರಣೆಯ ಮೊದಲ ಮರಿ 1978ರಲ್ಲಿ ಬೀಜಿಂಗ್ ಮೃಗಾಲಯದಲ್ಲಿ ಹುಟ್ಟಿತು. ಆದರೆ 2016ರಲ್ಲಿ ಪಾಂಡಾವನ್ನು ಅಪಾಯದ ಪಟ್ಟಿಯಲ್ಲಿ ಒಂದು ಮೆಟ್ಟಿಲು ಕೆಳಗಿಳಿಸಿದ್ದು ಪಂಜರದ ಮರಿಗಳನ್ನು ಎಣಿಸಿ ಅಲ್ಲ. ಬಿದಿರುಕಾಡು ಉಳಿದು, ಕಾಡಿನ ಪಾಂಡಾಗಳ ಸಂಖ್ಯೆ ಏರಿದ್ದರಿಂದ.

ಹಾಗಾದರೆ ವಿಜ್ಞಾನವೇ ಬೇಡವೇ? ಹಾಗಲ್ಲ. ವೀರ್ಯವನ್ನು ಸಾಗಿಸಿದರೆ ಪ್ರಾಣಿಯನ್ನು ಸಾಗಿಸುವ ಹಿಂಸೆ ತಪ್ಪುತ್ತದೆಂಬ ಅವನ ಮಾತು ನಿಜ. ನಮ್ಮ ಬಳ್ಳಾರಿಯ ಸಿರುಗುಪ್ಪದಲ್ಲಿ ಬೆರಳೆಣಿಕೆಗೆ ಇಳಿದಿರುವ ಎರೆಭೂತ ಹಕ್ಕಿಯ ವಿಷಯವೂ ಬೇರೆ. 2024ರಲ್ಲಿ ರಾಜಸ್ಥಾನದ ಜೈಸಲ್ಮೇರ್ ಜಿಲ್ಲೆಯಲ್ಲಿ ಆ ಜಾತಿಯ ಮರಿಯೊಂದು ಕೃತಕ ಗರ್ಭಧಾರಣೆಯಿಂದ ಹುಟ್ಟಿತು. ಅಲ್ಲಿ ಗಂಡುಹಕ್ಕಿಯನ್ನು ಬೊಂಬೆಯ ಬಳಿ ಪಳಗಿಸಿ ವೀರ್ಯ ಪಡೆದರು. ಬೇರೆ ದಾರಿಯಿಲ್ಲದ ಆಪತ್ತು, ಬಲಾತ್ಕಾರವಿಲ್ಲದ ವಿಧಾನ: ಇವೆರಡೂ ಇದ್ದಲ್ಲಿ ನಾನು ವಿರೋಧಿಸಲಾರೆ. ಕರಡಿಯ ವಿಷಯದಲ್ಲಿ ಎರಡೂ ಇಲ್ಲ.

ಕಾಡನ್ನು ಕಳೆದು ವೀರ್ಯವನ್ನು ಕಾಪಿಡುವುದು, ತೊಗರಿಯ ಬೀಜವನ್ನು ಭದ್ರವಾಗಿಟ್ಟು ಹೊಲವನ್ನೇ ಮಾರಿಕೊಂಡ ಒಕ್ಕಲುತನ. ಬಿತ್ತುವುದೆಲ್ಲಿ?

ಆದುದರಿಂದ ವಿಶ್ವಸ್ತರಲ್ಲಿ ನನ್ನ ವಿನಂತಿ ಇಷ್ಟೇ: ಜೀವದಯಾ ನಿಧಿಯು ರಕ್ಷಿತ ಕರಡಿಗಳ ಆಹಾರ ಔಷಧಗಳಿಗೆ, ಕಾಡಿನ ನೀರಿನ ಹೊಂಡಗಳಿಗೆ, ಹಣ್ಣಿನ ಗಿಡಗಳಿಗೆ ಸಲ್ಲಲಿ. ಇನ್ನೊಂದು ಮಾತು ಕಹಿಯಾದರೂ ಹೇಳಲೇಬೇಕು. ನಮ್ಮ ಬಸದಿಗಳ ಜೀರ್ಣೋದ್ಧಾರಕ್ಕೆ ಗ್ರಾನೈಟ್ ತರಿಸುವಾಗ ನಾವು ದರ ಕೇಳುತ್ತೇವೆ, ಹೊಳಪು ನೋಡುತ್ತೇವೆ. ಅದು ಯಾವ ಗುಡ್ಡ ಒಡೆದ ಕಲ್ಲು, ಆ ಗುಡ್ಡದ ಗವಿಯಲ್ಲಿ ಯಾರಿದ್ದರು ಎಂದು ಎಂದಾದರೂ ಕೇಳಿದ್ದೇವೆಯೇ? ನಾನೂ ಕೇಳಿಲ್ಲ. ಮುಂದಿನ ಸಭೆಯಲ್ಲಿ ಕೇಳುವವನಿದ್ದೇನೆ.

ಜಯ ಜಿನೇಂದ್ರ.