ಮನೆ, ವಾಹನ, ಬಸದಿ: ಕಳ್ಳತನ ತಡೆಗೆ ಕಾನೂನೊಂದೇ ಸಾಲದು
ದಶಲಕ್ಷಣ ಪರ್ವ, ತೀರ್ಥಯಾತ್ರೆಯ ದಿನಗಳಲ್ಲಿ ಶ್ರಾವಕರ ಮನೆಗಳಿಗೆ ಬೀಗ ಬೀಳುವುದು ಸಹಜ. ಕಳ್ಳರು ಹುಡುಕುವುದೂ ಅಂಥ ಮನೆಗಳನ್ನೇ. ಬಸದಿಗಳೂ ಸುರಕ್ಷಿತವಲ್ಲ ಎಂಬುದನ್ನು 2013ರ ಜುಲೈನಲ್ಲಿ ಮೂಡುಬಿದಿರೆಯ ಗುರು ಬಸದಿಯಿಂದ ಅಮೂಲ್ಯ ಜಿನಬಿಂಬಗಳು ಕಳುವಾದ ಪ್ರಕರಣ ತೋರಿಸಿತು.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂ ವಾಸದ ಮನೆ, ಸರಕು ಅಥವಾ ಪ್ರಯಾಣಿಕರನ್ನು ಸಾಗಿಸುವ ವಾಹನ, ಪೂಜಾಸ್ಥಳದ ವಿಗ್ರಹ ಈ ಮೂರರ ಕಳ್ಳತನಕ್ಕೂ 7 ವರ್ಷದವರೆಗೆ ಜೈಲು ವಿಧಿಸುತ್ತದೆ. ಹಳೆಯ ಐಪಿಸಿ 380ನೇ ಕಲಂನಲ್ಲಿ ವಾಹನ, ವಿಗ್ರಹಗಳ ಪ್ರತ್ಯೇಕ ಉಲ್ಲೇಖ ಇರಲಿಲ್ಲ.

ಆದರೆ ಶಿಕ್ಷೆ ಕಳವಿನ ನಂತರದ ಮಾತು. ಆಳಂದ ತಾಲ್ಲೂಕಿನ ನಿಂಬರ್ಗಾದಲ್ಲಿ ಪೊಲೀಸ್ ಠಾಣೆ ಇದೆ. ಆದರೂ ಗಸ್ತು ಪ್ರತಿ ಓಣಿಯಲ್ಲಿ ಸದಾ ಇರಲಾಗದು. ಊರಿಗೆ ಹೋಗುವ ಮುನ್ನ ನೆರೆಮನೆಯವರಿಗೂ ಠಾಣೆಗೂ ತಿಳಿಸಬೇಕು. ಒಡವೆ ಬ್ಯಾಂಕ್ ಲಾಕರ್‌ನಲ್ಲಿರಲಿ. ಯಾತ್ರೆಯ ಫೋಟೋಗಳನ್ನು ಮರಳಿದ ಮೇಲೆ ಹಂಚಿಕೊಳ್ಳಬಹುದು. ವಾಹನಕ್ಕೆ ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಕಳವಿಗೆ ಪರಿಹಾರ ಸಿಗದು.

ಕಳವಾದರೆ ಯಾವುದನ್ನೂ ಮುಟ್ಟದೆ 112ಕ್ಕೆ ಕರೆ ಮಾಡಬೇಕು. ಶ್ರವಣಬೆಳಗೊಳದ ಯಾತ್ರೆಯಲ್ಲಿರುವಾಗ ಸುದ್ದಿ ತಿಳಿದರೂ ಅಲ್ಲಿನ ಠಾಣೆಯಲ್ಲೇ ದೂರು ನೀಡಬಹುದು; ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಇದಕ್ಕೆ ಅವಕಾಶ ಕೊಟ್ಟಿದೆ. ಆನ್‌ಲೈನ್‌ನಲ್ಲಿ ಕೊಟ್ಟ ದೂರಿಗೆ 3 ದಿನಗಳೊಳಗೆ ಸಹಿ ಹಾಕಬೇಕು.

ಬಸದಿ ಸಮಿತಿಗಳು ಪ್ರತಿ ಬಿಂಬದ ಫೋಟೋ, ಅಳತೆ, ಲೋಹದ ವಿವರ ಬರೆದಿಡಲಿ. ಕಳುವಾದ ಬಿಂಬ ಪತ್ತೆಯಾದಾಗ ಅದು ಯಾವ ಬಸದಿಯದೆಂದು ತೋರಿಸಲು ಈ ದಾಖಲೆಯೇ ಆಧಾರ.